ಕಬ್ಬಿನ ಹಾಲು, ಬೆಲ್ಲದ ಕಾಫಿ, ಕೆಲವು ಹಳೆಯ ಕತ್ತಿಗಳು

ಮನುಷ್ಯನಿಗೆ ಒಂದು ಹವ್ಯಾಸವಿದ್ದರೆ ನೆರೆಹೊರೆಯವರು ಸಹಿಸಿಕೊಳ್ಳುತ್ತಾರೆ. ಎರಡಿದ್ದರೆ ಮನೆಯವರೇ ಸಂಶಯಪಡತೊಡಗುತ್ತಾರೆ. ನಮಗೆ ಎರಡಿವೆ. ಹಳೆಯ ಕಾಲದ ಕತ್ತಿ, ಕುಡಗೋಲು, ಈಳಿಗೆ, ಅಡಕೊತ್ತುಗಳನ್ನು ಕೂಡಿಹಾಕುವುದು ಒಂದು. ಹೋದ ಊರಿನಲ್ಲಿ ಆ ನೆಲದ ಒಳ್ಳೆಯ ಪಾನೀಯ ಯಾವುದೆಂದು ವಿಚಾರಿಸಿ, ಸಾವಕಾಶವಾಗಿ ಕುಳಿತು ಸವಿಯುವುದು ಇನ್ನೊಂದು. ಪಾನವೆಂಬ ಮಾತನ್ನು ಕೇಳಿ ಹುಬ್ಬೇರಿಸುವ ವಾಚಕರಿಗೆ ಮೊದಲೇ ಹೇಳಿಬಿಡುತ್ತೇವೆ: ನಾವು ಹಳ್ಳಿಯ ಶಾಲೆಯ ಹೆಡ್‌ಮಾಸ್ತರರು. ನಮ್ಮ ಪಾನವು ಮಜ್ಜಿಗೆ, ಪಾನಕ, ಕಬ್ಬಿನ ಹಾಲುಗಳಲ್ಲಿಯೇ ಮುಗಿಯುತ್ತದೆ. ಅದರಾಚೆಗೆ ಹೋಗುವ ಪ್ರಸಂಗವು ಒಮ್ಮೆ ಬಂದಿತ್ತು. ಅದನ್ನು ಮುಂದೆ ಹೇಳುವೆವು.

ನಾವು ವಾಸಿಸುವ ಮಹಾಗಾಂವವು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಲ್ಲಿದೆ. ಶಾಲೆಯು ಅಲ್ಲಿಂದ ಕೆಲವು ಮೈಲು ದೂರದ ಸಣ್ಣ ಹಳ್ಳಿಯಲ್ಲಿ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಆಜರೆ, ಆಂಬೋಲಿಗಳ ಕಡೆಯ ಮಳೆಯ ಸೀಮೆ. ಪೂರ್ವಕ್ಕೆ ತಿರುಗಿದರೆ ಸಂಕೇಶ್ವರ, ಹುಕ್ಕೇರಿಗಳ ಬಯಲು. ಆಂಬೋಲಿಯ ಹತ್ತಿರ ಹುಟ್ಟುವ ಹಿರಣ್ಯಕೇಶಿಯು ಈ ಎರಡೂ ಸೀಮೆಗಳನ್ನು ಹೊಲಿದಂತೆ ಹರಿದುಹೋಗಿ ಘಟಪ್ರಭೆಯನ್ನು ಸೇರುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೆರೆಯ ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಯಿಂದ ಬೇರ್ಪಟ್ಟು ಈ ಕಡೆಗೆ ಬಂದಿತು. ಗೆರೆ ಎಲ್ಲಿ ಬಿದ್ದರೂ ಮನೆಯೊಳಗಿನ ಮಾತು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಇಲ್ಲಿಯ ಅನೇಕ ಮನೆಗಳಲ್ಲಿ ದೇವರ ಮುಂದೆ ಕನ್ನಡ, ಅಂಗಡಿಯ ಮುಂದೆ ಮರಾಠಿ. ಎತ್ತುಗಳಿಗೆ ಮಾತ್ರ ಎರಡೂ ತಿಳಿಯುತ್ತವೆ.

ಕತ್ತಿಗಳ ವಿಷಯಕ್ಕೆ ಈ ಸೀಮೆ ಹೊಸದಲ್ಲ. ಇದೇ ತಾಲೂಕಿನ ನೇಸರಿಯಲ್ಲಿ 1674ರಲ್ಲಿ ಶಿವಾಜಿ ಮಹಾರಾಜರ ಸರನೌಬತ ಪ್ರತಾಪರಾವ ಗುಜರನು ಆರೇ ಜನ ಸವಾರರೊಡನೆ ಬಹಲೋಲಖಾನನ ದಂಡಿನ ಮೇಲೆ ನುಗ್ಗಿ ಮಡಿದನು. ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು ಕಂಪನಿ ಸರಕಾರದ ವಿರುದ್ಧ ಎದ್ದು ನಿಂತರು. ಮಕ್ಕಳನ್ನು ವರ್ಷಕ್ಕೊಮ್ಮೆ ಸಾಮಾನಗಡಕ್ಕೆ ಕರೆದೊಯ್ದಾಗ ಅವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: “ಸರ, ನಿಮ್ಮ ಕಪಾಟಿನ್ಯಾಗ ಆ ತಲವಾರ ಅದಾವೇನ್ರಿ?” ಇಲ್ಲವೆಂದಾಗ ಅವರ ಮುಖ ಬಾಡುತ್ತದೆ. ನಮ್ಮ ಕಪಾಟಿನಲ್ಲಿ ಯುದ್ಧ ಕಂಡ ವಸ್ತು ಒಂದೂ ಇಲ್ಲ. 1959ರ ಶಸ್ತ್ರ ಕಾಯದೆಯು ಮನೆಗೆಲಸಕ್ಕೆ ಮತ್ತು ಒಕ್ಕಲುತನಕ್ಕೆಂದೇ ಮಾಡಿದ ವಸ್ತುಗಳನ್ನು ಶಸ್ತ್ರವೆಂದು ಎಣಿಸುವುದಿಲ್ಲ. ಅಂಥ ನಿರಪಾಯದ ವಸ್ತುಗಳಿಗೆ ಉದಾಹರಣೆಯಾಗಿ ಕಾಯದೆ ಬರೆದವರು ಲಾಠಿಯನ್ನೂ ಕೈಕೋಲನ್ನೂ ಹೆಸರಿಸಿದ್ದಾರೆ. ಹಳೆಯ ಕಾಲದ ಮಾಸ್ತರರ ಕೈಯಲ್ಲಿ ಓದಿದವರು ಕೋಲಿನ ವಿಷಯದಲ್ಲಿ ಈ ಅಭಿಪ್ರಾಯವನ್ನು ಒಪ್ಪಲಾರರು.

ಸಂಗ್ರಹದ ಮೊದಲ ವಸ್ತು ನಮ್ಮ ತಂದೆಯವರದು. ಅವರೂ ಶಿಕ್ಷಕರು. ಬೋರುವಿನಿಂದ ಅಕ್ಷರ ತಿದ್ದಿಸುವ ಕಾಲವದು. ಲಾಳದ ಕಡ್ಡಿಯ ತುದಿಯನ್ನು ಓರೆಯಾಗಿ ಕೆತ್ತಿ, ನಡುವೆ ಕೂದಲೆಳೆಯಷ್ಟು ಸೀಳಿಕೊಡಲು ಅವರ ಜೇಬಿನಲ್ಲಿ ಹಿತ್ತಾಳೆಯ ಹಿಡಿಯ ಒಂದು ಸಣ್ಣ ಮಡಿಚುವ ಚಾಕು ಸದಾ ಇರುತ್ತಿತ್ತು. ಶಾಲೆ ಆರಂಭವಾಗುವ ಮೊದಲು ಮಕ್ಕಳು ಸಾಲಾಗಿ ನಿಂತು ಬೋರು ಕೆತ್ತಿಸಿಕೊಳ್ಳುತ್ತಿದ್ದರು. ಶಿಕ್ಷಕ ತರಬೇತಿಗೆಂದು ನಾವು ಊರು ಬಿಟ್ಟಾಗ ಅವರು ಬುದ್ಧಿಮಾತನ್ನೇನೂ ಹೇಳಲಿಲ್ಲ. ಆ ಚಾಕುವನ್ನು ಕೈಯಲ್ಲಿಟ್ಟರು. ತರಬೇತಿಯಲ್ಲಿ ಹಸ್ತಕಲೆಯ ತಾಸಿಗೆ ಅದು ಚೆನ್ನಾಗಿ ಉಪಯೋಗಕ್ಕೆ ಬಂದಿತು. ಈಗ ಅದರ ಅಲಗು ಸವೆದು ಬೇವಿನೆಲೆಯಷ್ಟಾಗಿದೆ.

ಅಲ್ಲಿಂದ ಸಂಗ್ರಹ ಬೆಳೆಯಿತು. ಅಜ್ಜಿಯ ಮನೆಯ ಅಟ್ಟದಿಂದ ಅಡಕೊತ್ತು ಬಂದಿತು. ಯಾರೋ ಹಳೆಯ ಕಬ್ಬಿಣಕ್ಕೆಂದು ತೂಗಿಸಲು ಒಯ್ಯುತ್ತಿದ್ದ ಈಳಿಗೆಯನ್ನು ದಾರಿಯಲ್ಲಿಯೇ ತಡೆದು ಕೊಂಡೆವು; ಅದರ ಮೂಗಿಗೆ ಕೊಬ್ಬರಿ ತುರಿಯುವ ಹಲ್ಲಿನ ಬಿಲ್ಲೆಯಿದೆ. ಜೋಳ ಕೊಯ್ಯುವ ಕುಡಗೋಲು, ಕಳೆ ತೆಗೆಯುವ ಕುರಪಿ, ಸೀಯಾಳ ಕೆತ್ತುವ ಮಚ್ಚು, ಚಮ್ಮಾರರ ರಾಂಪಿಗೆ, ಹೀಗೆ ಒಂದೊಂದೇ ಬಂದು ಕುಳಿತವು. ಒಂದೊಂದರ ಕೆಳಗೂ ಚೀಟಿ ಅಂಟಿಸಿ ಎರಡೂ ಭಾಷೆಗಳಲ್ಲಿ ಹೆಸರು ಬರೆದಿದ್ದೇವೆ. ಈಳಿಗೆಗೆ ಮರಾಠಿಯಲ್ಲಿ ವಿಳೀ, ಕುಡಗೋಲಿಗೆ ವಿಳಾ, ಅಡಕೊತ್ತಿಗೆ ಅಡಕಿತ್ತಾ. ಈ ಕೊನೆಯ ಜೋಡಿಯನ್ನು ನೋಡಿದ ಮಕ್ಕಳು, “ಯಾರು ಯಾರದು ಕಾಪಿ ಮಾಡ್ಯಾರ್ರಿ ಸರ?” ಎಂದು ಕೇಳುತ್ತಾರೆ. ಕಬ್ಬು ಕಡಿಯುವ ಕೊಯ್ತಾವನ್ನು ಕಂಡಾಗ ನಮಗೆ ಕನ್ನಡದ ‘ಕೊಯ್’ ಧಾತು ನೆನಪಾಗುತ್ತದೆ. ನಿರ್ಣಯವನ್ನು ಪಂಡಿತರಿಗೆ ಬಿಟ್ಟಿದ್ದೇವೆ. ಚೀಟಿಯ ಮೇಲೆ ಮಾತ್ರ ಅದು ಎರಡೂ ಕಡೆಗೆ ಕೊಯ್ತಾ ಎಂದೇ ಇದೆ.

ಗಡಹಿಂಗ್ಲಜದ ಸಂತೆಯ ದಿನ ಒಬ್ಬ ಕಮ್ಮಾರರ ಕುಲುಮೆಯ ಬಳಿ ಕುಳಿತು ನಾವು ಕಲಿತದ್ದು, ತರಬೇತಿಯ ಎರಡು ವರ್ಷಗಳಲ್ಲಿ ವಿಜ್ಞಾನದ ಪುಸ್ತಕದಿಂದ ಕಲಿತದ್ದಕ್ಕಿಂತ ಕಡಿಮೆಯದಲ್ಲ. ಅವರು ಕತ್ತಿಗೆ ಬಳಸುವುದು ಮೋಟಾರು ಲಾರಿಯ ಹಳೆಯ ಕಮಾನಪಟ್ಟಿಯನ್ನು. ಅದರಷ್ಟು ಒಳ್ಳೆಯ ಉಕ್ಕು ಅಗ್ಗದಲ್ಲಿ ಬೇರೆ ಸಿಕ್ಕುವುದಿಲ್ಲ. ಪಟ್ಟಿಯನ್ನು ಕಾಯಿಸಿ, ಬಡಿದು, ಆಕಾರಕ್ಕೆ ತಂದು, ಕೊನೆಗೆ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಆಗ ಅದು ಗಾಜಿನಷ್ಟು ಗಡುಸು, ಗಾಜಿನಷ್ಟೇ ಹೆಳಸು. ಕಲ್ಲಿಗೆ ತಾಗಿದರೆ ಸಿಡಿದುಹೋದೀತು. ಆದುದರಿಂದ ಮತ್ತೊಮ್ಮೆ ಹದವಾಗಿ ಕಾಯಿಸಬೇಕು. ತಿಕ್ಕಿ ಬೆಳಗಿದ ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಬಣ್ಣಗಳು ಓಡುತ್ತವೆ. ಹಳದಿಯು ಸುಮಾರು 230 ಡಿಗ್ರಿ ಸೆಂಟಿಗ್ರೇಡಿಗೆ, ನೀಲಿಯು 300ರ ಹತ್ತಿರ. ಕಮ್ಮಾರರಿಗೆ ಡಿಗ್ರಿ ಗೊತ್ತಿಲ್ಲ, ಬಣ್ಣ ಗೊತ್ತು. “ಗುರೂಜಿ, ಕಣ್ಣ ಮಿಟುಕಿಸಿದ್ರ ಕತ್ತಿ ಕೆಟ್ಟಹೋಗತೈತಿ,” ಎಂದು ಅವರೊಮ್ಮೆ ಹೇಳಿದಾಗ ನಾವು ಕೈಯಲ್ಲಿದ್ದ ಚಹಾದ ಬಟ್ಟಲನ್ನೂ ಮರೆತು ನೋಡುತ್ತಿದ್ದೆವು. ಅದು ಆರಿಹೋಯಿತು. ಅವರ ಹೆಂಡತಿ ಒಂದು ಮಾತನ್ನೂ ಆಡದೆ ಬಟ್ಟಲನ್ನು ತೆಗೆದುಕೊಂಡು ಹೋಗಿ ಇನ್ನೊಂದನ್ನು ತಂದಿಟ್ಟರು. ಬೆಲ್ಲದ ಚಹಾ, ಶುಂಠಿಯ ಘಾಟು, ಕುಲುಮೆಯ ಇದ್ದಿಲಿನ ವಾಸನೆ. ನಮ್ಮ ಎರಡು ಹವ್ಯಾಸಗಳಿಗೆ ಗಂಟು ಬಿದ್ದದ್ದು ಆ ದಿನವೇ. ಅಲ್ಲಿಂದ ಮುಂದೆ ಚೀಟಿಯ ಹಿಂಬದಿಗೆ, ಆ ವಸ್ತು ದೊರೆತ ದಿನ ಅಲ್ಲಿ ಏನು ಕುಡಿದೆವೆಂಬುದನ್ನೂ ಬರೆದಿಡುತ್ತ ಬಂದಿದ್ದೇವೆ.

ಆಜರೆಯ ಕಡೆಯ ಒಂದು ಬಾಗಿದ ಕತ್ತಿಯ ಹಿಂದೆ ‘ಕೋಕಮ್ ಸರಬತ್ತು’ ಎಂದಿದೆ. ನಮ್ಮ ಮಲೆನಾಡಿನವರು ಮುರುಗಲು ಎಂದೂ ಕರಾವಳಿಯವರು ಪುನರ್ಪುಳಿ ಎಂದೂ ಕರೆಯುವ ಹಣ್ಣೇ ಇದು. ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ಹುದುಗಿಸಿಟ್ಟು ತೆಗೆದ ರಸಕ್ಕೆ ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ. ವೈಶಾಖದ ಮಧ್ಯಾಹ್ನ ಬಸ್ಸಿಳಿದವನಿಗೆ ಅದಕ್ಕಿಂತ ಒಳ್ಳೆಯ ಸ್ವಾಗತವಿಲ್ಲ. ಆ ಮನೆಯ ವೃದ್ಧೆಯು ಹಣ್ಣನ್ನು ಕೈಯಿಂದಲೇ ಬಿಡಿಸುತ್ತಿದ್ದಳು. ಕತ್ತಿಯನ್ನು ಮುಟ್ಟಗೊಡಲಿಲ್ಲ. ಹುಳಿ ಮತ್ತು ಕಬ್ಬಿಣ ಕೂಡಿದರೆ ರಸದ ಬಣ್ಣವೂ ಕೆಡುತ್ತದೆ, ಕತ್ತಿಯೂ ಕಪ್ಪಾಗುತ್ತದೆ. ನಮ್ಮ ತಾಯಂದಿರು ಹುಳಿ ಮಾವಿನಕಾಯಿ ಹೆಚ್ಚಿದೊಡನೆ ಈಳಿಗೆಯನ್ನು ತೊಳೆದು ಒರಸುತ್ತಿದ್ದುದು ಇದೇ ಕಾರಣಕ್ಕೆ. ಈಗಿನ ತುಕ್ಕು ಹಿಡಿಯದ ಚಾಕುಗಳು ಆ ಒಂದು ಕೆಲಸವನ್ನು ಮನೆಯಿಂದ ತೆಗೆದುಹಾಕಿವೆ. ತುಕ್ಕು ಹಿಡಿಯುವುದಿಲ್ಲ, ನಿಜ. ಕಲ್ಲಿನ ಮೇಲೆ ತಿಕ್ಕಿದರೆ ಹಳೆಯ ಉಕ್ಕಿನಷ್ಟು ಸುಲಭವಾಗಿ ಅಂಚನ್ನೂ ಹಿಡಿಯುವುದಿಲ್ಲ.

ಸಂಗ್ರಹಕಾರರಿಗೆಲ್ಲ ಗುರುಗಳಿದ್ದಂತೆ ನಮಗೂ ಒಬ್ಬರಿದ್ದಾರೆ. ಅವರನ್ನು ನಾವು ಕಂಡವರಲ್ಲ. ಪುಣೆಯಲ್ಲಿ ಕನ್ನಡಕದ ಅಂಗಡಿಯವರಾಗಿದ್ದ ದಿನಕರ ಗಂಗಾಧರ ಕೇಳಕರರು (1896-1990), ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಕವಿತೆ ಬರೆಯುತ್ತಿದ್ದವರು, ಊರೂರು ಅಲೆದು ದೀಪ, ಬಾಗಿಲು, ಮಸಿಕುಡಿಕೆ, ಅಡಕೊತ್ತುಗಳನ್ನು ಕೂಡಿಸಿದರು. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟು, ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಅಲ್ಲಿಯ ಅಡಕೊತ್ತುಗಳನ್ನು ನೋಡಲು ಒಂದು ದಿನ ಸಾಲದು. ನವಿಲು, ಗಿಳಿ, ಕುದುರೆ, ಕೈಕೈ ಹಿಡಿದ ದಂಪತಿಗಳು. ಒಂದು ಅಡಿಕೆಯನ್ನು ಕತ್ತರಿಸಲು ಮನುಷ್ಯ ಇಷ್ಟೆಲ್ಲ ಯೋಚಿಸಿದನೇ ಎಂದು ಬೆರಗಾಗುತ್ತದೆ. ಕೊಲ್ಹಾಪುರದ ಹೊಸ ಅರಮನೆಯಲ್ಲಿಯೂ (1877ರಿಂದ 1884ರವರೆಗೆ ಕಟ್ಟಿದ್ದು) ಶಸ್ತ್ರಗಳ ದೊಡ್ಡ ಸಂಗ್ರಹವಿದೆ. ನಿಪ್ಪಾಣಿಯ ಮೇಲಿಂದ ಹೋಗುವ ಬಸ್ಸಿನಲ್ಲಿ ಕುಳಿತರೆ ಮಹಾರಾಷ್ಟ್ರದಿಂದ ಹೊರಟು, ಕರ್ನಾಟಕವನ್ನು ದಾಟಿ, ಪುನಃ ಮಹಾರಾಷ್ಟ್ರದಲ್ಲಿಯೇ ಇಳಿಯುವ ಸುಖವೂ ಇದೆ. ಆದರೆ ಅರಮನೆಯ ತಲವಾರಗಳ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೆಳ್ಳಿಯ ಹಿಡಿ, ಬಂಗಾರದ ಕುಸುರಿ, ಎಲ್ಲ ಸರಿಯೇ. ಅವನ್ನು ಹಿಡಿದ ಕೈ ಯಾವುದೆಂಬುದು ಹಿಡಿಯ ಮೇಲೆ ಕಾಣುವುದಿಲ್ಲ. ನಮ್ಮ ಕುಡಗೋಲಿನ ಮರದ ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿದೆ.

ಇನ್ನು ಕೊಡಗಿನ ಪ್ರಸಂಗ. ನಮ್ಮ ಪರಿಚಯದ ಶಿಕ್ಷಕರೊಬ್ಬರ ಮೂಲಕ ಮಡಿಕೇರಿಯ ಹತ್ತಿರದ ಒಂದು ಮದುವೆಗೆ ಹೋಗುವ ಯೋಗ ಬಂದಿತು. ಅಲ್ಲಿ ಗಂಡಸರು ಕುಪ್ಪಸವೆಂಬ ಕಪ್ಪು ನಿಲುವಂಗಿಯ ಮೇಲೆ ಕೆಂಪು ರೇಶಿಮೆಯ ಚೇಲೆಯನ್ನು ಬಿಗಿದು, ಮುಂದೆ ಬೆಳ್ಳಿಯ ಒರೆಯ ಪೀಚೆಕತ್ತಿಯನ್ನು ಸಿಕ್ಕಿಸುತ್ತಾರೆ. ಅಗಲವಾಗಿ ಬಾಗಿದ ಒಡಿಕತ್ತಿಯು ಬೆನ್ನಿಗೆ, ಹಿತ್ತಾಳೆಯ ಹಿಡಿಕೆಯಲ್ಲಿ ತೂಗುತ್ತದೆ. ಮದುವೆಯಲ್ಲಿ ನೆಟ್ಟ ಬಾಳೆಯ ಕಂಬಗಳನ್ನು ಒಂದೇ ಪೆಟ್ಟಿಗೆ ಕಡಿಯುವ ಪದ್ಧತಿಯನ್ನು ನಾವು ಕಣ್ಣಾರೆ ಕಂಡೆವು. ಕಡಿದ ವೃದ್ಧರಿಗೆ ಎಪ್ಪತ್ತು ದಾಟಿದ್ದಿರಬೇಕು. ಕೈ ಎತ್ತಿದ್ದು ಕಂಡಿತು, ಇಳಿದದ್ದು ಕಾಣಲಿಲ್ಲ, ಬಾಳೆ ಒಂದು ಕ್ಷಣ ನಿಂತೇ ಇದ್ದು ಆಮೇಲೆ ಜಾರಿತು. ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಇವೇ ಕತ್ತಿಗಳನ್ನೂ ಕೋವಿಗಳನ್ನೂ ತೊಳೆದು, ತೋಕ್ ಪೂವೆಂಬ ಕೆಂಪು ಹಳದಿಯ ಹೂವನ್ನು ಏರಿಸಿ ಪೂಜಿಸುತ್ತಾರೆಂದು ಮನೆಯವರು ವಿವರಿಸಿದರು.

ಸಾಯಂಕಾಲ ಅಂಗಳದಲ್ಲಿ ಗಾಜಿನ ಲೋಟಗಳು ಬಂದವು. ಆ ನಾಡಿನಲ್ಲಿ ಅದು ಮರ್ಯಾದೆಯ ಸಂಗತಿ. ಹಿರಿಯರ ನೆನಪಿಗೂ ಸಲ್ಲುವ ವಸ್ತು. ನಮ್ಮ ಮುಂದಿಟ್ಟ ಲೋಟದಲ್ಲಿ ಬಣ್ಣ ಬಹು ಚೆನ್ನಾಗಿತ್ತು, ದೀಪದ ಬೆಳಕಿಗೆ ಹಿಡಿದು ನೋಡಿದೆವು ಎಂಬುದನ್ನು ಮುಚ್ಚಿಡಲಾರೆವು. ಅದನ್ನು ಕಂಡ ಮನೆಯ ಹಿರಿಯರು ನಕ್ಕು, “ಮಾಷ್ಟ್ರೇ, ಮನಸ್ಸಿಲ್ಲದಿದ್ದರೆ ಸಂಕೋಚ ಬೇಡ. ಬೆಲ್ಲದ ಕಾಫಿ ಇದೆ,” ಎಂದರು. ಹಾಲಿಲ್ಲದ, ಬೆಲ್ಲ ಹಾಕಿದ ಕಪ್ಪು ಕಾಫಿ. ತಮ್ಮ ತೋಟದ ಬೀಜವನ್ನೇ ಹುರಿದು ಪುಡಿ ಮಾಡಿದ್ದು. ಮೊದಲ ಗುಟುಕಿಗೆ ಕಹಿ, ಹಿಂದೆಯೇ ಬೆಲ್ಲದ ಮಣ್ಣುಗಂಪು. ಬೆಲ್ಲ ಎಲ್ಲಿಯದೆಂದು ಕೇಳಿದೆವು. ಮಂಡ್ಯದ್ದಂತೆ. “ನಮ್ಮ ಕೊಲ್ಹಾಪುರದ್ದನ್ನು ಒಮ್ಮೆ ಹಾಕಿ ನೋಡಿರಿ,” ಎಂದು ನಾವು ಅಭಿಮಾನದಿಂದ ಹೇಳಿದೆವು. ಮರಳಿ ಬಂದ ಮೇಲೆ ಒಂದು ರವೆಯನ್ನು ಪಾರ್ಸಲ್ ಮಾಡಿದೆವು ಕೂಡ. ಪೀಚೆಕತ್ತಿಯನ್ನು ಕೊಳ್ಳಲು ನಾವು ಕೇಳಲಿಲ್ಲ. ಅದು ಮನೆತನದ ವಸ್ತು, ಮಾರುವುದಲ್ಲ. ಆ ಚೀಟಿಗೆ ಕತ್ತಿಯಿಲ್ಲ, ಹಿಂಬದಿಯ ಬರಹವಷ್ಟೇ ಇದೆ.

ಬೆಲ್ಲದ ಮಾತು ಬಂದುದರಿಂದ ನಮ್ಮ ಸೀಮೆಯ ಅತ್ಯುತ್ತಮ ಪಾನೀಯಕ್ಕೆ ಬರೋಣ. 1895ರಲ್ಲಿ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಶಾಹುಪುರಿಯ ಬೆಲ್ಲದ ಪೇಟೆಯನ್ನು ನೆಲೆಗೊಳಿಸಿದಂದಿನಿಂದ ಈ ಜಿಲ್ಲೆಯ ಹೆಸರು ಬೆಲ್ಲದೊಡನೆ ಅಂಟಿಕೊಂಡಿದೆ. ಚಳಿಗಾಲದ ಬೆಳಗಿನಲ್ಲಿ ಆಲೆಮನೆಗೆ, ಇಲ್ಲಿಯವರ ಮಾತಿನಲ್ಲಿ ಗುರ್ಹಾಳಕ್ಕೆ, ಹೋಗಿ ಗಾಣದಿಂದ ಆಗತಾನೆ ಇಳಿದ ಕಬ್ಬಿನ ಹಾಲನ್ನು ಕುಡಿಯಬೇಕು. ಪೇಟೆಯ ಗಾಡಿಯವರಂತೆ ಬರ್ಫ ಹಾಕುವುದಿಲ್ಲ. ಇಬ್ಬನಿಯಲ್ಲಿ ನಿಂತ ಕಬ್ಬೇ ತಣ್ಣಗಿರುತ್ತದೆ. ಅದಕ್ಕೆ ನಿಂಬೆ, ಹಸಿಶುಂಠಿ. ಅತ್ತ ದೊಡ್ಡ ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಿರುತ್ತದೆ. ಕಾಡುಬೆಂಡೆಯ ಗಿಡವನ್ನು ಜಜ್ಜಿ ಅದರ ಲೋಳೆಯನ್ನು ಹಾಕಿದರೆ ರಸದೊಳಗಿನ ಕಸ ನೊರೆಯಾಗಿ ಮೇಲೆ ಬರುತ್ತದೆ. ಜಾಲರಿಯಿಂದ ಅದನ್ನು ತೆಗೆಯುತ್ತ ಹೋಗುತ್ತಾರೆ. ಕಬ್ಬಿನ ಬುಡದ ಗಣಿಕೆಗಳಲ್ಲಿಯೇ ಸಕ್ಕರೆ ಹೆಚ್ಚು, ತುದಿಯಲ್ಲಿ ಕಡಿಮೆ. ಆದುದರಿಂದ ಕಡಿಯುವವನು ನೆಲಕ್ಕೆ ಹತ್ತಿ ಕಡಿಯಬೇಕು. ಬಗ್ಗಿ, ಎಡಗೈಯಲ್ಲಿ ಕಬ್ಬನ್ನು ಹಿಡಿದು, ಬಲಗೈಯ ಕೊಯ್ತಾದಿಂದ ಬುಡಕ್ಕೆ ಒಂದೇ ಏಟು. ಹಾಗೆಯೇ ಎತ್ತಿ ಸೋಗೆ ಸವರಿ, ತುದಿ ಹಾರಿಸಿ, ಹಿಂದಕ್ಕೆ ಎಸೆಯಬೇಕು.

ಎರಡು ವರ್ಷಗಳ ಹಿಂದಿನ ಹಂಗಾಮಿನಲ್ಲಿ ನಮ್ಮ ಶಾಲೆಯ ಹತ್ತಿರ ಕಬ್ಬು ಕಡಿಯುವವರ ಒಂದು ಟೋಳಿ ಬಂದು ಇಳಿಯಿತು. ವಿಜಯಪುರ ಜಿಲ್ಲೆಯ ಕನ್ನಡಿಗರು. ಅವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಕರೆತಂದು ಆರನೆಯ ತರಗತಿಯಲ್ಲಿ ಕೂರಿಸಿದೆವು. ಶಾಲೆ ಮರಾಠಿ ಮಾಧ್ಯಮದ್ದು. ಅವನಿಗೆ ಲೆಕ್ಕ ಮಾತ್ರ ತಿಳಿಯುತ್ತಿತ್ತು. ಉಳಿದ ತಾಸುಗಳಲ್ಲಿ ಕಿಟಕಿಯನ್ನು ನೋಡುತ್ತಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ನಾವು ಅವನೊಡನೆ ಕನ್ನಡದಲ್ಲಿ ಮಾತನಾಡಿದಾಗ ಅವನ ಮುಖ ಅರಳಿದ ರೀತಿಯನ್ನು ಮರೆಯಲಾರೆವು. ಆಫೀಸಿನ ಕಪಾಟು ನೋಡಿ ಒಂದೊಂದರ ಹೆಸರನ್ನೂ ತಾನೇ ಹೇಳಿದ. ಕೊಯ್ತಾದ ಮುಂದೆ ನಿಂತು ಬೆರಳಿನಿಂದ ಅಂಚನ್ನು ಮುಟ್ಟಿ, “ಇದು ಹೊಸಾದು ಐತ್ರಿ ಸರ. ನಮ್ಮಪ್ಪಂದು ಸವದು ಅರ್ಧ ಆಗೇತಿ. ಆರ ಹಂಗಾಮ ಕಡದೈತಿ,” ಎಂದ. ಅಂಥ ಕೊಯ್ತಾವೇ ನಮಗೆ ಬೇಕಿದ್ದುದು. “ನಿಮ್ಮಪ್ಪಗ ಕೇಳ ನೋಡಪಾ, ಹೊಸಾದರ ದುಡ್ಡ ಕೊಡತೀನಿ,” ಎಂದೆವು. “ತರತೀನ್ರಿ,” ಎಂದ.

ಮರುದಿನ ಅವನು ಬರಲಿಲ್ಲ. ನಾಲ್ಕು ದಿನಗಳಾದವು. ನಮಗೆ ಬಂದ ಮೊದಲ ಯೋಚನೆಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಕೊಯ್ತಾ ಕೇಳಿದ್ದಕ್ಕೆ ತಂದೆ ಬೈದಿರಬೇಕು, ಸಂಗ್ರಹಕ್ಕೆ ಒಂದು ಒಳ್ಳೆಯ ವಸ್ತು ತಪ್ಪಿತು ಎಂಬುದೇ ಆ ಯೋಚನೆ.

ಐದನೆಯ ದಿನ ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋದೆವು. ಹುಡುಗ ಬಗ್ಗಿ ಕಬ್ಬು ಕಡಿಯುತ್ತಿದ್ದ. ಅವನ ಕೈಯಲ್ಲಿ ಅದೇ ಕೊಯ್ತಾ. ನಿಜವಾಗಿಯೂ ಸವೆದು ಅರ್ಧವಾಗಿತ್ತು. ಹಗುರಾಗಿದ್ದುದರಿಂದಲೇ ಅವನಿಗೆ ಎತ್ತಲು ಬರುತ್ತಿತ್ತು. ತಂದೆಯ ಎಡಗೈಗೆ ಏಟು ಬಿದ್ದು, ಬಟ್ಟೆ ಸುತ್ತಿಕೊಂಡು ಬದುವಿನ ಮೇಲೆ ಕುಳಿತಿದ್ದರು. ತಾಯಿ ಹೊರೆ ಕಟ್ಟುತ್ತಿದ್ದರು.

ನಗರದ ವಾಚಕರಿಗೆ ಇಲ್ಲಿಯ ಲೆಕ್ಕ ತಿಳಿದಿರಲಿಕ್ಕಿಲ್ಲ. ಈ ವ್ಯವಹಾರದಲ್ಲಿ ಮನುಷ್ಯರನ್ನು ಕೊಯ್ತಾದಿಂದಲೇ ಎಣಿಸುತ್ತಾರೆ. ಗಂಡಹೆಂಡಿರು ಸೇರಿದರೆ ಒಂದು ಕೊಯ್ತಾ. ಒಬ್ಬನೇ ಇದ್ದರೆ ಅರ್ಧ ಕೊಯ್ತಾ. ಹಂಗಾಮಿಗೆ ಮೊದಲೇ ಮುಕಾದಮನು ಕೊಯ್ತಾಕ್ಕೆ ಇಷ್ಟೆಂದು ಉಚಲ, ಅಂದರೆ ಮುಂಗಡ, ಕೊಟ್ಟಿರುತ್ತಾನೆ. ಅದು ಕಡಿದು ತೀರಬೇಕು. ಕೆಲಸಕ್ಕೆ ಬಾರದ ದಿನಕ್ಕೆ ಖಾಡಾ ಎಂದು ದಂಡ ಹಿಡಿಯುತ್ತಾರೆ. ಕೈಗೆ ಗಾಯವಾದರೂ ಖಾಡಾ ಖಾಡಾವೇ. ತಂದೆ ಬದುವಿನ ಮೇಲೆ ಕುಳಿತ ದಿನಗಳಲ್ಲಿ ಒಂದು ಕೊಯ್ತಾ ಅರ್ಧವಾಗಬಾರದೆಂದು ಹುಡುಗನು ಉಳಿದರ್ಧವಾಗಿದ್ದ. ನಮ್ಮ ಕಪಾಟಿನ ಚೀಟಿಯ ಮೇಲೆ ನಾವು ಬರೆದಿದ್ದ ಅರ್ಥ, ‘ಕಬ್ಬು ಕಡಿಯುವ ಬಾಗಿದ ಕತ್ತಿ’ ಎಂದಷ್ಟೇ.

ತಾಯಿ ನಮ್ಮನ್ನು ಕಂಡವರೇ ಸೆರಗಿನಿಂದ ಕೈ ಒರಸಿಕೊಂಡು, “ಗುರುಗಳ ಬಂದಾರ,” ಎಂದು ಹುಡುಗನನ್ನು ಗುರ್ಹಾಳಕ್ಕೆ ಓಡಿಸಿ ಒಂದು ತಂಬಿಗೆ ಕಬ್ಬಿನ ಹಾಲನ್ನು ತರಿಸಿದರು. ಬೇಡವೆನ್ನುವಂತಿರಲಿಲ್ಲ. ಕುಡಿದೆವು. ಸಿಹಿಯಾಗಿತ್ತು ಎಂದು ಬರೆದರೆ ಸುಳ್ಳಲ್ಲ, ಆದರೆ ಆ ದಿನ ರುಚಿಯ ಕಡೆಗೆ ಮನಸ್ಸಿರಲಿಲ್ಲ.

“ಹುಡುಗನ್ನ ಶಾಲಿಗೆ ಕಳಸ್ರಿ,” ಎಂದೆವು.

ತಂದೆ ತಲೆಯೆತ್ತಲಿಲ್ಲ. “ಕಳಸತೀನ್ರಿ ಗುರುಗಳ. ಕೈ ಮಾಯೂತನಾ. ಖಾಡಾ ಬಿದ್ರ ಮುಂದಿನ ವರ್ಷಾನೂ ಇವರ ಋಣಾ ಹರಿಯೂದುಲ್ರಿ.”

ಆ ಕೊಯ್ತಾವನ್ನು ಅಲ್ಲಿಯೇ ಕೊಂಡುಬಿಡೋಣವೆಂದು ಒಂದು ಕ್ಷಣ ಅನ್ನಿಸಿತು. ಕೊಂಡರೆ ಏನಾಗುತ್ತಿತ್ತು? ಆ ದುಡ್ಡಿನಲ್ಲಿ ಇನ್ನೊಂದು ಬರುತ್ತಿತ್ತು, ಭಾರವಾದದ್ದು. ಮುಕಾದಮನನ್ನು ಕಂಡು ಮಾತನಾಡಿದೆವು. ಹನ್ನೆರಡು ವರ್ಷದ ಮಗುವಿನ ಕೈಯಲ್ಲಿ ಕೆಲಸ ಮಾಡಿಸುವುದು ಕಾಯದೆಗೆ ವಿರುದ್ಧವೆಂದೂ, 2009ರ ಶಿಕ್ಷಣ ಹಕ್ಕಿನ ಕಾಯದೆಯಂತೆ ಹುಡುಗನ ಹೆಸರು ನಮ್ಮ ಪಟದಲ್ಲಿದೆಯೆಂದೂ ಹೇಳಿದೆವು. ಅವನು ಒರಟನಲ್ಲ, ಅವನೂ ಒಂದು ಕಾಲಕ್ಕೆ ಕೊಯ್ತಾ ಹಿಡಿದವನೇ. “ಗುರೂಜಿ, ನಾ ಹುಡುಗನ್ನ ಕರದಿಲ್ಲ, ಬ್ಯಾಡ ಅಂದೂ ಇಲ್ಲ. ಮ್ಯಾಲಿನವ್ರು ನನಗ ಟನ್ನ ಕೇಳತಾರ,” ಎಂದ. ಬಹಳ ಹೊತ್ತಿನ ಮೇಲೆ, ತಾಯಿಯ ತಮ್ಮನನ್ನು ಊರಿನಿಂದ ಕರೆಸಿದರೆ ಅಲ್ಲಿಯವರೆಗಿನ ಖಾಡಾ ಹಿಡಿಯುವುದಿಲ್ಲವೆಂದು ಒಪ್ಪಿದ. ಬಸ್ಸಿನ ಖರ್ಚನ್ನು ನಾವು ಕೊಟ್ಟೆವು. ಇದರಲ್ಲಿ ದೊಡ್ಡಸ್ತಿಕೆಯೇನಿಲ್ಲ, ಒಂದು ಹಳೆಯ ಅಡಕೊತ್ತಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೇವೆ.

ಹನ್ನೊಂದನೆಯ ದಿನ ಹುಡುಗ ಶಾಲೆಗೆ ಬಂದ. ಅಂಗೈಯಲ್ಲಿ ಬೊಕ್ಕೆಗಳೆದ್ದು ಪೆನ್ಸಿಲು ಹಿಡಿಯಲು ಬರುತ್ತಿರಲಿಲ್ಲ. ಒಂದು ವಾರ ಅವನಿಂದ ಬರೆಯಿಸದೆ ಬಾಯಿಲೆಕ್ಕವನ್ನೇ ಕೇಳಿದೆವು. ಬಿಡುವಿನಲ್ಲಿ ದಿನಾಲು ಅರ್ಧ ತಾಸು ಕನ್ನಡ ಓದಿಸಿದೆವು. ಬೋರು ತೋರಿಸಿ ತಂದೆಯವರ ಚಾಕುವಿನಿಂದ ಕೆತ್ತಿಕೊಟ್ಟಾಗ, ತಾನೇ ಕೆತ್ತುವೆನೆಂದು ಹಟ ಹಿಡಿದ. ನಮಗಿಂತ ಚೆನ್ನಾಗಿ ಕೆತ್ತಿದ. ಕತ್ತಿ ಹಿಡಿಯಲು ಕಲಿತ ಕೈ.

ಮಾರ್ಚಿನ ಕೊನೆಗೆ ಹಂಗಾಮು ಮುಗಿಯಿತು. ವಲಸೆ ಹೋಗುವ ಮಕ್ಕಳಿಗೆ ಕೊಡುವ ಹಮೀ ಕಾರ್ಡನ್ನು ತುಂಬಿ, ಇಷ್ಟು ದಿನ ಹಾಜರು, ಇಷ್ಟು ಕಲಿತಿದ್ದಾನೆ ಎಂದು ಬರೆದು, ಅದರೊಡನೆ ಅವನ ಊರಿನ ಹೆಡ್‌ಮಾಸ್ತರರಿಗೆ ಕನ್ನಡದಲ್ಲಿ ಒಂದು ಪತ್ರವನ್ನೂ ಬರೆದುಕೊಂಡು ಸಂಜೆ ಅವರ ಕೊಪ್ಪೆಗಳ ಕಡೆಗೆ ಹೋದೆವು. ಆಗಲೇ ಟ್ರ್ಯಾಕ್ಟರಿನಲ್ಲಿ ಪಾತ್ರೆ, ಹಾಸಿಗೆ, ಆಡಿನ ಮರಿಗಳನ್ನು ಏರಿಸಿಯಾಗಿತ್ತು. ತಂದೆ ಕಾರ್ಡನ್ನು ಎರಡೂ ಕೈಗಳಿಂದ ತೆಗೆದುಕೊಂಡು ಹೆಂಡತಿಗೆ ಕೊಟ್ಟರು. ಆಕೆ ಅದನ್ನು ಕುಂಕುಮದ ಡಬ್ಬಿಯಿದ್ದ ಚೀಲದಲ್ಲಿ ಇಟ್ಟರು. ಆಮೇಲೆ ಅವರು ಗೋಣಿಯ ತುಂಡಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ನಮ್ಮ ಕೈಯಲ್ಲಿಟ್ಟರು.

“ಹುಡುಗ ಮಾತ ಕೊಟ್ಟಾನಂತ್ರಿ ನಿಮಗ.”

ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಹುಡುಗನ ಅಂಗಿಯ ಜೇಬಿನಲ್ಲಿ ಹೊಸ ಕೊಯ್ತಾದ ಬೆಲೆಯನ್ನು ತುರುಕಿದೆವು. ತಾಯಿ ನೋಡಿಯೂ ನೋಡದಂತೆ ಇದ್ದರು.

ಆ ಕೊಯ್ತಾ ಈಗ ಕಪಾಟಿನ ಕೆಳಗಿನ ಅಂತಸ್ತಿನಲ್ಲಿದೆ. ಹಿಡಿಯಲ್ಲಿ ಎರಡು ಗುಳಿಗಳಿವೆ: ಒಂದು ದೊಡ್ಡದು ಆಳವಾದದ್ದು, ಅದರ ಒಳಗೇ ಒಂದು ಸಣ್ಣದು ಆಗತಾನೆ ಬೀಳತೊಡಗಿದ್ದು ಎಂದು ನಮ್ಮ ಕಣ್ಣಿಗೆ ಕಾಣುತ್ತದೆ. ಕಣ್ಣಿನ ಭ್ರಮೆಯೂ ಇರಬಹುದು, ಹನ್ನೊಂದು ದಿನಗಳಲ್ಲಿ ಮರ ಸವೆಯುವುದಿಲ್ಲ. ಚೀಟಿಯ ಮೇಲಿನ ಅರ್ಥವನ್ನು ತಿದ್ದಿ ಎರಡನೆಯ ಅರ್ಥವನ್ನೂ ಬರೆದಿದ್ದೇವೆ. ಹಿಂಬದಿಗೆ ‘ಕಬ್ಬಿನ ಹಾಲು, ಒಂದು ತಂಬಿಗೆ’ ಎಂದಿದೆ.

ಜೂನ್ ತಿಂಗಳಲ್ಲಿ ಯಾರದೋ ಮೊಬೈಲಿನಿಂದ ಹುಡುಗ ಫೋನು ಮಾಡಿದ್ದ. ಏಳನೆಯ ತರಗತಿಗೆ ಹೆಸರು ಹಚ್ಚಿದ್ದಾರೆಂದೂ, ಅಲ್ಲಿಯ ಸರ್ ನಮ್ಮ ಪತ್ರವನ್ನು ತರಗತಿಯಲ್ಲಿ ಓದಿ ತೋರಿಸಿದರೆಂದೂ ಹೇಳಿದ. “ನಮ್ಮ ಕೊಯ್ತಾ ಐತೇನ್ರಿ ಸರ?” ಎಂದು ಕೇಳಿದ. ಇದೆಯೆಂದೆವು. ಎಣ್ಣೆ ಹಚ್ಚಬೇಕೆಂದು ಹೇಳಿದ. ತಂದೆ ಬರುವ ಹಂಗಾಮಿಗೆ ಆಗಲೇ ಉಚಲ ತೆಗೆದುಕೊಂಡಾಗಿತ್ತಂತೆ. ಈ ಸಲ ಸೋದರಮಾವ ಮೊದಲಿನಿಂದಲೇ ಜೊತೆಗೆ ಹೋಗುತ್ತಾನೆ, ತಾನು ಅಜ್ಜಿಯ ಹತ್ತಿರ ಉಳಿಯುತ್ತೇನೆ ಎಂದ. ಹಿಂದಿನಿಂದ ಯಾರೋ ಕರೆದರು, ಫೋನು ನಿಂತಿತು.